ಸಮಾಧಿಯೊಳಗೊಂದು ಕುದುರೆ ಲಾಯ

ಪ್ರಿಯ ಮಲ್ಲು,

ಸುರಪುರದ ಕಡೆ ಮಳೆ ಹೇಗಿದೆ? ಇಲ್ಲಿ ವೇಲ್ಸ್‌ನಲ್ಲಿ ಅದು ನಿಂತರೆ ಸುದ್ದಿ. ನೆನೆದುಕೊಂಡೇ ಕೇಪಲ್ ಗಾರ್ಮನ್ ನೋಡಿ ಬಂದೆ. ಬೆಟ್ಸ್-ಇ-ಕೋಯ್ಡ್ ಊರಿನ ಹತ್ತಿರ, ಕಾನ್ವಿ ಕಣಿವೆಯ ಮೇಲಿನ ಗುಡ್ಡದಲ್ಲಿರುವ ಕಲ್ಲುಗುಪ್ಪೆಯ ಸಮಾಧಿ ಅದು. ಸುಮಾರು 5,500 ವರ್ಷ ಹಳೆಯದು. ಆಗಿನ್ನೂ ಈ ಕಡೆಗೆ ಲೋಹವೇ ಬಂದಿರಲಿಲ್ಲ.

ಉದ್ದ ಸುಮಾರು 28 ಮೀಟರ್. ಪೂರ್ವದ ತುದಿಯಲ್ಲಿ ಬಾಗಿಲಿನ ಹಾಗೆ ಕಲ್ಲು ನಿಲ್ಲಿಸಿದ್ದಾರೆ, ಆದರೆ ಅದು ಸುಳ್ಳು ಬಾಗಿಲು. ಹಿಂದೆ ಏನೂ ಇಲ್ಲ! ನಿಜವಾದ ದಾರಿ ದಕ್ಷಿಣದ ಮಗ್ಗುಲಿನಿಂದ. ಅದರ ಒಳಗೆ ಆಚೆಗೊಂದು, ಈಚೆಗೊಂದು ಕೋಣೆ. ಯಾರಿಗೆ ಯಾಮಾರಿಸಲು ಹೀಗೆ ಕಟ್ಟಿದರೋ, ಕಳ್ಳರಿಗೋ ದೆವ್ವಕ್ಕೋ.

ನಿನಗೆ ಹೇಳಬೇಕಾದದ್ದು ಪಶ್ಚಿಮದ ಕೋಣೆಯ ಕಥೆ. 19ನೇ ಶತಮಾನದಲ್ಲಿ ಇಲ್ಲಿನ ರೈತರು ಅದನ್ನು ಕುದುರೆ ಲಾಯ ಮಾಡಿಕೊಂಡಿದ್ದರು. ಕೇಳಿದಾಗ ಸ್ವಲ್ಪ ಕಸಿವಿಸಿಯಾಯಿತು, ಸತ್ತವರ ಮನೆಯಲ್ಲಿ ಲದ್ದಿ! ಆಮೇಲೆ ಸುತ್ತ ನೋಡಿದೆ. ಮೇಲೆ ಹೇರಿದ್ದ ಕಲ್ಲುರಾಶಿ ಬಹುಪಾಲು ಹೋಗಿದೆ. ಆದರೆ ಲಾಯವಾಗಿದ್ದ ಕೋಣೆಯ ಮೇಲೆ ಭಾರಿ ಚಪ್ಪಡಿ ಇನ್ನೂ ಕೂತಿದೆ. ಕುದುರೆ ನೆನೆಯದಂತೆ ಕಾಯುವ ಸೂರನ್ನು ಯಾವ ರೈತ ತಾನೇ ಕಿತ್ತಾನು? ಕುದುರೆಯೇ ಅದನ್ನು ಉಳಿಸಿತು ಅಂತ ನನ್ನ ಲೆಕ್ಕ. ಈ ಬೆಟ್ಟಗಳಲ್ಲಿ ಎಷ್ಟೋ ಕಲ್ಲುಗುಪ್ಪೆಗಳು ಕುರಿದೊಡ್ಡಿಯಾಗಿವೆ, ಹೊಲದ ಗೋಡೆಯಾಗಿವೆ. ಗಾರೆ ಬೇಡದ ಗೋಡೆಗೆ ಕಲ್ಲು ಹತ್ತಿರವೇ ಸಿಕ್ಕರೆ ಯಾರು ಬಿಡುತ್ತಾರೆ?

1920ರ ದಶಕದಲ್ಲಿ ಪುರಾತತ್ವಜ್ಞ ಡಬ್ಲ್ಯು. ಜೆ. ಹೆಂಪ್ ಇಲ್ಲಿ ಅಗೆಸಿದರು. ಕಟ್ಟಿದವರಿಗಿಂತ ಸಾವಿರ ವರ್ಷ ಈಚಿನವರ ಮಡಕೆ ಚೂರುಗಳೂ ಸಿಕ್ಕವು. ಅಂದರೆ ಬೇರೆಯವರ ಸಮಾಧಿಯನ್ನು ತಮ್ಮ ಕೆಲಸಕ್ಕೆ ಬಳಸಿದವರಲ್ಲಿ ರೈತರೇ ಮೊದಲಿಗರಲ್ಲ.

ಬ್ರಿಟಿಷರ ಕಾಲದಲ್ಲಿ ಸುರಪುರದ ಆಡಳಿತ ನೋಡಿಕೊಂಡಿದ್ದ ನಿಮ್ಮೂರಿನ ಟೇಲರ್ ಸಾಹೇಬರು ಇಲ್ಲಿ ನೆನಪಾದರು. ಮೆಡೋಸ್ ಟೇಲರ್ ಜೇವರ್ಗಿ ಹತ್ತಿರದ ಕಲ್ಲುಗುಪ್ಪೆಗಳನ್ನು ಅಗೆಸಿ, ಅವಕ್ಕೂ ಇಲ್ಲಿನವಕ್ಕೂ ನಂಟಿದೆ ಅಂತ ನಂಬಿ ಬರೆದಿದ್ದರು. ಆ ನಂಟು ನಿಲ್ಲಲಿಲ್ಲ. ನಮ್ಮವು ಕಬ್ಬಿಣದ ಕಾಲದವು, ಇದಕ್ಕಿಂತ ಎರಡು ಸಾವಿರ ವರ್ಷಕ್ಕೂ ಈಚಿನವು. ಆದರೆ ಅವರು ಕೂತು ಅಳತೆ ತೆಗೆದು, ಚಿತ್ರ ಬರೆದರಲ್ಲ, ಅದು ದೊಡ್ಡದು. ಊಹೆ ಬಿದ್ದುಹೋದರೂ ಅಳತೆ ಉಳಿಯಿತು.

ನಿಮ್ಮ ಹೊಲದ ಬದುವಿನ ಕಲ್ಲುಗಳ ಬಗ್ಗೆ ಕೇಳಬೇಕು ಅಂತಿದ್ದೆ. ಅಜ್ಜ ಅವನ್ನು ಎಲ್ಲಿಂದ ತಂದು ಒಟ್ಟಿದರು? ಕಾಕಾಗೆ ಗೊತ್ತಿರಬಹುದು, ಕೇಳಿ ಬರೆ. ಜೆಸಿಬಿ ಕರೆಸುವುದಿದ್ದರೆ ಅದಕ್ಕೂ ಮುಂಚೆ ಸುಮ್ನೆ ನಾಲ್ಕು ಫೋಟೊ ತೆಗೆದಿಡು.

ಇಂತಿ ನಿನ್ನ,
ಶರಣು