ಮೀಟರ್ ಓಕೆ ಅಂದ್ರೂ ಬೋಟಿನ ಆಂಟೆನಾ ಕೇಬಲ್ ಬಿಚ್ಚಿ ನೋಡಿ

ಮಾನ್ಯ ಸಂಪಾದಕರೇ,

ಜುಲೈ 31ಕ್ಕೆ ಮೀನುಗಾರಿಕೆ ರಜೆ ಮುಗೀತದೆ, ಮಲ್ಪೆಯಲ್ಲೂ ಮಂಗಳೂರು ದಕ್ಕೆಯಲ್ಲೂ ಬೋಟ್‌ಗಳಿಗೆ ಪೈಂಟ್, ಇಂಜಿನ್ ಕೆಲಸ, ಬಲೆ ರಿಪೇರಿ ಎಲ್ಲ ಜೋರಾಗಿ ನಡೀತಾ ಉಂಟು. ವಿಎಚ್‌ಎಫ್ ವೈರ್‌ಲೆಸ್ ಸೆಟ್ ವಿಷಯಕ್ಕೆ ಬಂದ್ರೆ ಮಾತ್ರ ಎಸ್‌ಡಬ್ಲ್ಯುಆರ್ ಮೀಟರ್ (ಆಂಟೆನಾಕ್ಕೆ ಕಳಿಸಿದ ಪವರ್‌ನಲ್ಲಿ ಎಷ್ಟು ವಾಪಸ್ ಬರ್ತದೆ ಅಂತ ಅಳೆಯುವ ಮೀಟರ್, 1 ಅಂದ್ರೆ ಏನೂ ವಾಪಸ್ ಇಲ್ಲ) ಒಮ್ಮೆ ಹಾಕಿ, ಮುಳ್ಳು 2ರ ಒಳಗೆ ನಿಂತ್ರೆ ಓಕೆ ಅಂತ ಬಿಟ್ಟುಬಿಡ್ತಾರೆ. ನಮ್ಮ ಉಪ್ಪು ಗಾಳಿಯಲ್ಲಿ ಆ ಮೀಟರನ್ನ ಹಾಗೆ ನಂಬ್ಲಿಕ್ಕೆ ಆಗುದಿಲ್ಲ ಮಾರಾಯ್ರೇ, ಕೇಬಲ್ ಹಾಳಾದಷ್ಟೂ ಮೀಟರ್ ಚಂದ ತೋರಿಸ್ತದೆ.

ಲೆಕ್ಕ ಹಾಕಿ ನೋಡಿ. ಸೆಟ್ 25 ವಾಟ್ ಬಿಡ್ತದೆ, ನೀರು ಹೋದ ಕೇಬಲ್‌ನಲ್ಲಿ 6 ಡೆಸಿಬಲ್ ಲಾಸ್ ಉಂಟು ಅಂತ ಇಟ್ಕೊಳ್ಳಿ, ಅಂದ್ರೆ ನಾಲ್ಕರಲ್ಲಿ ಒಂದು ಪಾಲು, ಸುಮಾರು 6 ವಾಟ್ ಮಾತ್ರ ಮೇಲೆ ತಲುಪುದು. ಆಂಟೆನಾ ಮುರಿದು ಬಿದ್ದೇ ಹೋಗಿದೆ ಅಂತಾನೂ ಇಟ್ಕೊಳ್ಳಿ, ಆಗ ಆ 6 ವಾಟ್ ಪೂರ್ತಿ ವಾಪಸ್ ಬರ್ತದೆ, ಬರುವಾಗ ಅದೇ ಕೇಬಲ್ ಪುನಃ ಮುಕ್ಕಾಲು ಪಾಲು ತಿಂದು ಮೀಟರ್‌ಗೆ ಸಿಗುದು ಬರೀ ಒಂದೂವರೆ ವಾಟ್. 25 ಹೋಗಿ ಒಂದೂವರೆ ವಾಪಸ್ ಅಂದ್ರೆ ಎಸ್‌ಡಬ್ಲ್ಯುಆರ್ 1.7ರ ಹತ್ತಿರ! ಮೇಲೆ ಆಂಟೆನಾವೇ ಇಲ್ಲ, ಕೆಳಗೆ ಮೀಟರ್ ಪಾಸ್. ಉಳಿದ ಪವರ್ ಎಲ್ಲ ಕೇಬಲ್ ಬಿಸಿ ಮಾಡ್ಲಿಕ್ಕೇ ಖರ್ಚಾಯ್ತು.

ಇತ್ಲಾಗಿ ರಿಫ್ಲೆಕ್ಟೆಡ್ ಪವರ್ (ಹೀಗೆ ವಾಪಸ್ ಬರುವ ಪವರ್) ಅಂದ ಕೂಡ್ಲೇ ಹೆದರುವವರೂ ತುಂಬಾ ಜನ. ಎಸ್‌ಡಬ್ಲ್ಯುಆರ್ 2 ಇದ್ರೆ ವಾಪಸ್ ಬರುದು ನೂರಕ್ಕೆ 11, 3 ಇದ್ರೆ 25. ಕೇಬಲ್ ಒಳ್ಳೇದಿದ್ದು ಸೆಟ್ ಹತ್ರ ಟ್ಯೂನರ್ (ಸೆಟ್‌ಗೂ ಕೇಬಲ್‌ಗೂ ಹೊಂದಿಸುವ ಪೆಟ್ಟಿಗೆ) ಸರಿಯಾಗಿ ಮ್ಯಾಚ್ ಮಾಡಿದ್ರೆ ವಾಪಸ್ ಬಂದದ್ದು ಅಲ್ಲಿಂದ ತಿರುಗಿ ಪುನಃ ಆಂಟೆನಾಕ್ಕೇ ಹೋಗ್ತದೆ, ನಾವು ಹ್ಯಾಮ್‌ನವರು (ಹವ್ಯಾಸಕ್ಕೆ ರೇಡಿಯೋ ನಡೆಸುವವರು) ಎಚ್‌ಎಫ್‌ನಲ್ಲಿ, ಅಂದ್ರೆ ಶಾರ್ಟ್‌ವೇವ್‌ನಲ್ಲಿ, ದಿನಾ ಮಾಡುದೇ ಅದು. ಹೆಚ್ಚಿನ ನಷ್ಟ ಅಂದ್ರೆ ಆ ಓಡಾಟದಲ್ಲಿ ಕೇಬಲ್ ತಿನ್ನುವಷ್ಟು ಮಾತ್ರ. ಹಾಗಾಗಿ ನೋಡ್ಬೇಕಾದ್ದು ಕೇಬಲನ್ನ.

ಮೊದ್ಲು ಕೆಡುದು ಮೇಲಿನ ಕನೆಕ್ಟರ್. ಅಲ್ಲಿ ಹಾಕುವ ಪಿಎಲ್-259 ಅನ್ನುವ ಕನೆಕ್ಟರ್ ವಾಟರ್‌ಪ್ರೂಫ್ ಅಲ್ಲವೇ ಅಲ್ಲ. ಟೇಪ್ ಬಿಚ್ಚಿ ಹೊರಗಿನ ಕರಿ ಸಿಪ್ಪೆ ಒಂದು ಗೇಣು ಸೀಳಿ ನೋಡಿ, ಹೊಳೀಬೇಕಾದ ತಾಮ್ರದ ಜಾಲರಿ ಕಪ್ಪಾಗಿರ್ತದೆ, ಅಲ್ಲಲ್ಲಿ ಹಸಿರು ಪುಡಿ, ಬೆರಳಲ್ಲಿ ಉಜ್ಜಿದ್ರೆ ಎಳೆ ಉದುರ್ತದೆ. ಬತ್ತಿಗೆ ಎಣ್ಣೆ ಏರಿದ ಹಾಗೆ ನೀರು ಆ ಜಾಲರಿ ಹಿಡ್ಕೊಂಡು ತುಂಬಾ ಒಳಗೆ ಹೋಗಿರ್ತದೆ, ಹಾಗಾಗಿ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದ್ರೆ ಸಾಲದು, ಕೇಬಲ್ಲೇ ಬದಲಾಯಿಸ್ಬೇಕು. ತೆಳು ಆರ್‌ಜಿ-58 ಕೇಬಲ್ ಹೊಸದಿದ್ರೂ ಬೋಟಿನ ವಿಎಚ್‌ಎಫ್ ಫ್ರೀಕ್ವೆನ್ಸಿಯಲ್ಲಿ 10 ಮೀಟರ್‌ಗೆ ಪವರ್‌ನ ಸುಮಾರು ಮೂರನೇ ಒಂದು ಪಾಲು ನುಂಗ್ತದೆ, ದಪ್ಪದ್ದು ಹಾಕಿದ್ರೆ ಒಳ್ಳೇದು.

ಟೆಸ್ಟ್ ಮಾಡ್ಲಿಕ್ಕೆ ಕಷ್ಟ ಇಲ್ಲ. ಆಂಟೆನಾ ತೆಗೆದು ಅದರ ಜಾಗದಲ್ಲಿ ವಾಟ್ ಮೀಟರ್, 50 ಓಮ್ ಡಮ್ಮಿ ಲೋಡ್ (ಆಂಟೆನಾ ಬದಲಿಗೆ ಪವರ್ ಹೀರಿಕೊಳ್ಳುವ ರೆಸಿಸ್ಟರ್) ಹಾಕಿ ಕೆಳಗಿಂದ ಸ್ವಲ್ಪ ಹೊತ್ತು ಪಿಟಿಟಿ (ಮಾತಾಡ್ಲಿಕ್ಕೆ ಒತ್ತುವ ಬಟನ್) ಒತ್ತಿ, 16ನೇ ಚಾನೆಲ್‌ನಲ್ಲಿ ಬೇಡ, ಅದು ಅಪಾಯದ ಕರೆಗೆ ಇಟ್ಟದ್ದು. ಅದೇ ಎರಡನ್ನ ಸೆಟ್ ಹತ್ರವೂ ಒಮ್ಮೆ ಹಾಕಿ ನೋಡಿದ್ರೆ ಸೆಟ್‌ನಿಂದ ಹೊರಡುದೆಷ್ಟು, ಮೇಲೆ ಸಿಗುದೆಷ್ಟು ಅಂತ ಅಲ್ಲೇ ಗೊತ್ತಾಗ್ತದೆ.

ಲೈಫ್ ಜಾಕೆಟ್ ಚೆಕ್ ಮಾಡುವಾಗ ಇದನ್ನೂ ಸೇರಿಸಿ ಅಂತ ಮೀನುಗಾರಿಕೆ ಇಲಾಖೆಯವರಲ್ಲಿ ನನ್ನ ಕಳಕಳಿಯ ವಿನಂತಿ. ಆಗಸ್ಟ್‌ನಲ್ಲಿ ಕಡಲು ಇನ್ನೂ ರಫ್ ಇರ್ತದೆ, ದಕ್ಕೆಯಲ್ಲಿ ಒಂದು ವಾಟ್ ಮೀಟರ್, ಒಂದು ಡಮ್ಮಿ ಲೋಡ್ ಇಟ್ರೆ ಬೋಟ್ ಹೊರಡುವ ಮೊದ್ಲೇ ಎಲ್ರೂ ಬಂದು ನೋಡ್ಕೊಂಡು ಹೋಗ್ಬಹುದು.

– ಒಬ್ಬ ಹ್ಯಾಮ್ ರೇಡಿಯೋ ಹವ್ಯಾಸಿ, ಮಲ್ಪೆ