ಗೇಟಿನ ಕೆಂಪು ದೀಪ

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಫ್ಯಾಕ್ಟರಿಯವರು ಮತ್ತೆ ಕರೆದಿದ್ದಾರೆ ಅಂತ ಓದಿ ಖುಷಿಯಾಯಿತು. ಮನೆಯ ಸುದ್ದಿಯೆಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳಿರುತ್ತಾನೆ, ಅದನ್ನು ಬಿಡುತ್ತೇನೆ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ಗೇಟಲ್ಲಿ ಕಾರ್ಡ್ ತೋರಿಸಿದಾಗ ಮತ್ತೆ ಕೆಂಪು ದೀಪ ಬಂದುಬಿಟ್ಟರೆ ಅಂತ ಭಯ ಆಗುತ್ತೆ ದೊಡ್ಡಪ್ಪ" ಅಂತ. ಎರಡು ರಾತ್ರಿ ಅದೇ ಸಾಲು ಕಣ್ಣ ಮುಂದೆ.

ನಿನ್ನನ್ನು ಕೆಲಸದಿಂದ ಬಿಡಿಸಿ ಬ್ರೇಕ್ ಕೊಟ್ಟಿದ್ದಾರೆ ಅಂತಷ್ಟೇ ನನಗೆ ಗೊತ್ತಿತ್ತು. ಗೇಟಲ್ಲಿ ಕೆಂಪು ದೀಪ ತೋರಿಸಿ ಹೀಗೆ ಕಳಿಸಿದರು ಅಂತ ಗೊತ್ತಿರಲಿಲ್ಲ. ಸೇಫ್ಟಿ ಶೂ ಹಾಕಿಕೊಂಡು ಶಿಫ್ಟಿಗೆ ಹೋದವನಿಗೆ ಒಂದು ಮಷೀನು ಹೇಳಬೇಕೇ, ನಿನ್ನ ಕೆಲಸ ಹೋಯಿತು ಅಂತ? ಹಿಂದೆ ಸಾಲು ನಿಂತಿದೆ, ಸೆಕ್ಯುರಿಟಿಯವನು "ಸೈಡಿಗೆ ಬನ್ನಿ" ಅಂತಾನೆ. ಅವನಿಗೂ ಏನೂ ಗೊತ್ತಿರಲ್ಲ ಪಾಪ.

ಈ ಸಲದ್ದು ವಿಚಿತ್ರ ನೋಡು. ಮುಂದೆ ತೆರಿಗೆ ಇಳಿಯುತ್ತೆ ಅನ್ನೋ ಮಾತು 2025ರ ಆಗಸ್ಟ್ 15ರಂದು ಬಂತು. ಗಾಡಿ ತಗೊಳ್ಳಬೇಕು ಅಂತಿದ್ದವರೆಲ್ಲ ಕೈಕಟ್ಟಿ ಕಾದರು. ಶೋರೂಮ್ ಖಾಲಿ, ಲೈನ್ ನಿಧಾನ, ನಿನ್ನಂಥ ಕಾಂಟ್ರ್ಯಾಕ್ಟ್ ಹುಡುಗರು ಹೊರಗೆ. ಸೆಪ್ಟೆಂಬರ್ 22ಕ್ಕೆ ಸಣ್ಣ ಕಾರಿಗೂ 350 ಸಿಸಿವರೆಗಿನ ಬೈಕಿಗೂ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ನವರಾತ್ರಿ ಬೇರೆ. ಜನ ಮುಗಿಬಿದ್ದರು. ಈಗ ನೀವು ಬೇಕು. ಕಳಿಸಿದ್ದೂ ಅದೇ ಸುದ್ದಿ, ಕರೆಸಿದ್ದೂ ಅದೇ ಸುದ್ದಿ. ನಿನ್ನ ಕೈಕೆಲಸದಲ್ಲಿ ಏನೂ ಊನ ಇರಲಿಲ್ಲ. ನಿನಗೆ ಸಮಾಧಾನ ಆಗಲಿ ಅಂತ ಇದನ್ನು ಬರೆಯಲು ಹೊರಟೆ. ಬರೆದಮೇಲೆ ಅನ್ನಿಸಿತು, ನಿನ್ನ ಭಯಕ್ಕೆ ಇದೇ ಕಾರಣ ಅಲ್ವಾ? ಚೆನ್ನಾಗಿ ಕೆಲಸ ಮಾಡಿದರೆ ಹಸಿರು ದೀಪ ಅನ್ನೋ ಲೆಕ್ಕ ಇಲ್ಲಿ ಇಲ್ಲ.

ಇನ್ನೊಂದು ವಿಷಯ ಹೇಳುತ್ತೇನೆ. ನಿಮ್ಮ ದೊಡ್ಡಮ್ಮನಿಗೂ ಹೇಳಿಲ್ಲ.

2019ರಲ್ಲಿ ನಾನು ಗಾಡಿಗಳ ಬಿಡಿಭಾಗದ ಫ್ಯಾಕ್ಟರಿಯಲ್ಲಿ ಲೈನ್ ನೋಡಿಕೊಳ್ಳುತ್ತಿದ್ದೆ. ಆ ವರ್ಷ ಫೈನಾನ್ಸ್ ಕಂಪನಿಗಳು ಸಾಲ ಬಿಗಿ ಮಾಡಿದ್ದವು. ಹೊಗೆಯ ಹೊಸ ನಿಯಮದ ಬಿಎಸ್-6 ಗಾಡಿ ಬರಲಿ ಅಂತ ಒಂದಷ್ಟು ಜನ ಕಾಯುತ್ತಿದ್ದರು. ಆಗಸ್ಟ್‌ನಲ್ಲಿ ಕಾರು, ಎಸ್‌ಯುವಿ, ವ್ಯಾನ್ ಎಲ್ಲ ಸೇರಿ ಮಾರಾಟ ಹಿಂದಿನ ವರ್ಷಕ್ಕಿಂತ ಶೇಕಡಾ 31ಕ್ಕೂ ಹೆಚ್ಚು ಬಿತ್ತು. ಮೂರು ಶಿಫ್ಟ್ ಇದ್ದದ್ದು ಒಂದಕ್ಕೆ ಇಳಿಯಿತು. ಒಂದು ಮಧ್ಯಾಹ್ನ ಮ್ಯಾನೇಜರ್ ಕರೆದು, "ನಿಮ್ಮ ಲೈನಿಂದ ಒಂಬತ್ತು ಹೆಸರು ಕೊಡಿ, ಸಂಜೆಯೊಳಗೆ. ಯಾರಿಗೂ ಹೇಳಬೇಡಿ" ಅಂದರು. ಪ್ರೊಡಕ್ಷನ್ ಶೀಟಿನ ಹಿಂದೆ ಪೆನ್ಸಿಲ್‌ನಲ್ಲಿ ಬರೆದೆ. ಏಳು ಹೆಸರು ಬೇಗ ಬಂದವು. ಇನ್ನೆರಡಕ್ಕೆ ತುಂಬಾ ಹೊತ್ತು ಕೂತೆ. ಒಂದನ್ನು ಬರೆದು ಅಳಿಸಿ, ಇನ್ನೊಂದು ಬರೆದು, ಮತ್ತೆ ಮೊದಲಿನದನ್ನೇ ಬರೆದೆ.

ಶಿಫ್ಟ್ ಬಿಡುವಾಗ ಆ ಹೆಸರಿನ ಹುಡುಗ ಬಂದು, "ಸಾರ್, ನಾಳೆ ಫಸ್ಟ್ ಶಿಫ್ಟ್ ತಾನೇ?" ಅಂದ. ನಾನು "ಹೂಂ" ಅಂದೆ.

ಮಾರನೇ ದಿನ ಅರ್ಧ ಗಂಟೆ ಮುಂಚೆ ಒಳಗೆ ಹೋದೆ. ಅವರು ಬರುವ ಹೊತ್ತಿಗೆ ಗೇಟಿನ ಹತ್ತಿರ ಇರಬಾರದು ಅಂತ.

ಹೆಸರು ಬರೆದದ್ದಕ್ಕೆ ಅಷ್ಟೊಂದು ನೋವಿಲ್ಲ. ನಾನು ಬರೆಯದಿದ್ದರೆ ಇನ್ನೊಬ್ಬರು ಬರೆಯುತ್ತಿದ್ದರು. ಆ "ಹೂಂ" ಮಾತ್ರ ಮರೆಯೋಕೆ ಆಗಿಲ್ಲ. ಮುಂದಿನ ವರ್ಷ ಲಾಕ್‌ಡೌನ್ ತೆರೆದಮೇಲೆ ಬಸ್ಸು, ರೈಲು ಹತ್ತೋಕೆ ಹೆದರಿ ಜನ ಸ್ವಂತ ಗಾಡಿ ತಗೊಳ್ಳೋಕೆ ಶುರುಮಾಡಿದರಲ್ಲ, ಆಗ ಆ ಒಂಬತ್ತು ಜನರಲ್ಲಿ ಐವರನ್ನು ವಾಪಸ್ ಕರೆದೆವು. ಆ ಹುಡುಗನೂ ಬಂದ. ದಿನಾ ಗೇಟಿನಲ್ಲಿ ಹಿಂದಿನ ಇಬ್ಬರನ್ನು ಮುಂದೆ ಬಿಟ್ಟು ಆಮೇಲೆ ತನ್ನ ಕಾರ್ಡ್ ತೋರಿಸುತ್ತಿದ್ದ. ಮರ್ಯಾದಸ್ಥ ಅಂದುಕೊಂಡಿದ್ದೆ. ನಿನ್ನ ಪತ್ರ ಓದಿದ ಮೇಲೆ ಗೊತ್ತಾಯಿತು ಅವನು ಯಾಕೆ ಹಾಗೆ ನಿಲ್ಲುತ್ತಿದ್ದ ಅಂತ. ಕೆಂಪು ಬಂದರೆ ಹಿಂದೆ ನೋಡುವವರು ಕಡಿಮೆ ಇರಲಿ ಅಂತ.

2021ರಲ್ಲಿ ಗಾಡಿಗೆ ಹಾಕುವ ಎಲೆಕ್ಟ್ರಾನಿಕ್ ಚಿಪ್ ಸಿಗದೆ ಲೈನ್ ಆಗಾಗ ನಿಂತಿತು. ಬುಕಿಂಗ್ ಮಾಡಿದವರು ತಿಂಗಳುಗಟ್ಟಲೆ ಕಾದರು, ಹುಡುಗರು ಮನೆಯಲ್ಲಿ ಕೂತರು. ಗಿರಾಕಿ ಇದ್ದರೆ ಕೆಲಸ ಇದೆ ಅನ್ನೋದೂ ಸುಳ್ಳಾಯಿತು. ಹಾಗಾಗಿ "ಡಿಮ್ಯಾಂಡ್ ಬಂದಿದೆ, ಇನ್ನೇನು ಭಯ" ಅಂತ ನಿನಗೆ ಬರೆಯೋಕೆ ನನ್ನಿಂದ ಆಗಲ್ಲ.

ನಿನಗೆ ಗೊತ್ತಿರೋದನ್ನೇ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡ. ಈ ಸಲ ಕೊಟ್ಟ ಕಾಗದದಲ್ಲಿ ಕೊನೆಯ ತಾರೀಖು ಬರೆದಿದೆಯಾ ನೋಡು. ಇದ್ದರೆ ಆ ತಾರೀಖಿಗೆ ಮುಗಿಯಿತು ಅಂದಾರು. ಇಲ್ಲದಿದ್ದರೆ, ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಆದಮೇಲೆ ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಇಲ್ಲವೇ ಅದರ ಸಂಬಳ, ಜೊತೆಗೆ ಸರ್ವಿಸಿನ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕು. ಅದಕ್ಕೇ ಅಲ್ವಾ ಏಳು ತಿಂಗಳಿಗೇ ಬ್ರೇಕ್ ಕೊಡೋದು. ಪೇ ಸ್ಲಿಪ್ಪು, ಹಾಜರಿ ಎಲ್ಲ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೋ. ಪಿಎಫ್‌ಗೆ ಹಳೇ ಯುಎಎನ್, ಅಂದರೆ ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರನ್ನೇ ಕೊಡು, ಹೊಸದು ಮಾಡಿಸಬೇಡ. ನಾನು ಲೈನಿನಲ್ಲಿದ್ದಾಗ ಇದನ್ನೆಲ್ಲ ಹುಡುಗರಿಗೆ ಹೇಳಲೇ ಇಲ್ಲ. ಈಗ ನಿನಗೆ ಹೇಳುತ್ತಾ ಕೂತಿದ್ದೇನೆ.

ಹಾಂ, ತಗಡು ಒತ್ತುವ ಪ್ರೆಸ್ ಮಷೀನಿಗೆ ಹಾಕಿದರೆ ಹುಷಾರು. ಆರ್ಡರ್ ಜಾಸ್ತಿಯಾದಾಗ ಎರಡು ಕೈಯಲ್ಲಿ ಒತ್ತುವ ಬಟನ್‌ಗಳಲ್ಲಿ ಒಂದಕ್ಕೆ ಟೇಪ್ ಸುತ್ತಿ ಕೆಲಸ ಬೇಗ ಮಾಡಿ ಅಂತಾರೆ. ಯಾರೇ ಹೇಳಲಿ, ಬೇಡ. ಬೈದರೆ ಬೈಸಿಕೋ. ಬೆರಳು ಹೋದವರನ್ನು ನೋಡಿದ್ದೇನೆ.

ಕೆಂಪು ದೀಪದ ವಿಷಯ ಬರೆಯಲು ಕೂತವನು ಎಲ್ಲೆಲ್ಲೋ ಹೋದೆ. ಅದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ ಪುಟ್ಟಾ. ನಿಮ್ಮ ಲೈನ್ ಲೀಡರ್ ಹತ್ತಿರ ಒಮ್ಮೆ ಕೇಳಿ ನೋಡು, "ತೆಗೆಯೋದಾದರೆ ಹಿಂದಿನ ದಿನವೇ ಹೇಳಿಬಿಡಿ ಸಾರ್" ಅಂತ. ಹೇಳ್ತಾನೋ ಇಲ್ಲವೋ. ನನ್ನನ್ನು ಯಾರಾದರೂ ಹಾಗೆ ಕೇಳಿದ್ದರೆ ಹೇಳುತ್ತಿದ್ದೆನೇನೋ.

ಆ ಹುಡುಗನ ನಂಬರ್ ಇನ್ನೂ ನನ್ನ ಫೋನಿನಲ್ಲಿದೆ. ನಿನ್ನ ಪತ್ರ ಬಂದಮೇಲೆ ಎರಡು ಸಲ ತೆಗೆದು ನೋಡಿ ಸುಮ್ನೆ ಇಟ್ಟೆ.

ಸೋಮವಾರ ಫಸ್ಟ್ ಶಿಫ್ಟ್ ಅಂದಿದ್ದೀಯ. ಗೇಟು ದಾಟಿದ ಮೇಲೆ, ಮೊಬೈಲು ಲಾಕರ್‌ನಲ್ಲಿ ಇಡುವ ಮುಂಚೆ, ಒಂದು ಮಿಸ್ಡ್ ಕಾಲ್ ಕೊಡು. ಐದೂವರೆಗೇ ಎದ್ದಿರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ