ತಿರುವು ಇದೆ ಅಂತಲೂ ಹೇಳಬೇಡಿ

ಮಾನ್ಯರೇ,

ನಿಮ್ಮ ಪುರವಣಿಯಲ್ಲಿ ಹೊಸ ಪತ್ತೇದಾರಿ, ಥ್ರಿಲ್ಲರ್ ಕಾದಂಬರಿಗಳ ಪರಿಚಯ ಈಗ ಜಾಸ್ತಿ ಬರುತ್ತಿದೆ. ಸಂತೋಷ. ಆದರೆ ‘ಕೊನೆಯ ಪುಟದಲ್ಲಿ ಬೆಚ್ಚಿಬೀಳುತ್ತೀರಿ’ ಅಂತ ಬರೆದುಬಿಟ್ಟರೆ ಓದುವುದು ಹೇಗೆ? ಮೊನ್ನೆ ಒಂದು ಕಾದಂಬರಿ ಹಿಡಿದೆ. ಈ ಸಾಲು ತಲೆಯಲ್ಲಿ ಕೂತಿದ್ದರಿಂದ, ಮೂರನೇ ಅಧ್ಯಾಯದಲ್ಲಿ ಮಾತ್ರೆ ತಂದುಕೊಡುವ ಸಾಧು ನರ್ಸ್ ಮೇಲೇ ಗುಮಾನಿ ಬಂತು. ಕೊನೆಗೆ ಅವಳೇ! ನಡುವಿನ ಇನ್ನೂರು ಪುಟ ಸುಮ್ನೆ ತಿರುವಿ ಹಾಕಿದ್ದಾಯಿತು.

ಯಾರು ಕೊಂದರು ಅನ್ನುವುದೇ ಎಲ್ಲ ಅಲ್ಲ, ಅಲ್ವಾ? ಜಪಾನಿನ ಕೀಗೊ ಹಿಗಾಶಿನೊ ಅವರ ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’ (2005) ಕೊಲೆಯನ್ನು ಶುರುವಿನಲ್ಲೇ ಕಣ್ಣೆದುರು ತೋರಿಸುತ್ತದೆ. ಪಕ್ಕದ ಮನೆಯ ಗಣಿತದ ಮೇಷ್ಟ್ರು ಅದನ್ನು ಹೇಗೆ ಮುಚ್ಚಿಡುತ್ತಾರೆ ಅನ್ನುವುದರಲ್ಲಿದೆ ಮಜಾ. ರಿಚರ್ಡ್ ಓಸ್ಮನ್ ಅವರ ‘ದಿ ಥರ್ಸ್‌ಡೇ ಮರ್ಡರ್ ಕ್ಲಬ್’ನಲ್ಲಿ (2020) ಪತ್ತೇದಾರಿಕೆ ಮಾಡುವವರು ನಾಲ್ವರು ಹಿರಿಯ ಜೀವಗಳು. ಅವರ ಮಾತಿನ ಚುರುಕಿಗಾಗಿಯೇ ಓದಬಹುದು, ಕೊಲೆ ಆಮೇಲೆ.

ಕಥೆ ಹೇಳುವವರು ಯಾರು, ರಕ್ತಪಾತ ಎಷ್ಟಿದೆ (ನನಗೆ ಅದು ಆಗಿಬರುವುದಿಲ್ಲ), ಅನುವಾದ ಸರಾಗವಾಗಿದೆಯೇ? ಪರಿಚಯದಲ್ಲಿ ಇಷ್ಟಿದ್ದರೆ ಸಾಕು.

– ಒಬ್ಬ ಓದುಗ